ದೇವರ ಗೂಡಿನ ಡಬ್ಬ

ತಿಮ್ಮೇಶ ತರೀಕೆರೆಗೆ ಹೋದದ್ದು ಮಿಕ್ಸಿ ತರಲು, ತಂದದ್ದು ಡಬ್ಬ.

ಮನೆಯ ಮಿಕ್ಸಿ ಸುಟ್ಟುಹೋಗಿ ತಿಂಗಳಾಗಿತ್ತು. ಶಿವನಿಯ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ತಿಮ್ಮೇಶನದು ಮೋಟಾರು ವೈಂಡಿಂಗ್ ಅಂಗಡಿ. ಸುತ್ತಲ ಊರಿನ ಬೋರ್‌ವೆಲ್ ಮೋಟಾರುಗಳೆಲ್ಲ ಅವನ ಕೈಯಲ್ಲಿ ಮತ್ತೆ ಉಸಿರಾಡುತ್ತಿದ್ದವು, ಹೆಂಡತಿಯ ಮಿಕ್ಸಿ ಮಾತ್ರ 'ನಾಳೆ ನೋಡಣ' ಎಂಬಲ್ಲೇ ನಿಂತಿತ್ತು. ಕೊನೆಗೆ ಹೊಸದನ್ನೇ ತರುತ್ತೇನೆಂದು ಹೊರಟವನು ಸಂಜೆ ಬಸ್ಸಿಳಿದು ಬಂದಾಗ ಕಂಕುಳಲ್ಲಿದ್ದದ್ದು ಸಣ್ಣ ಬಿಂದಿಗೆಯಷ್ಟು ದಪ್ಪನೆಯ ಕರಿ ಡಬ್ಬ. ಅದರ ಮೇಲೆ ತೋಳುಬ್ಬಿಸಿ ನಿಂತ ಗಂಡಸಿನ ಚಿತ್ರ.

“ಮಿಕ್ಸಿ ಎಲ್ರೀ?” ಎಂದಳು ಪ್ರತಿಮಾ.

“ಮುಂದಿನ ತಿಂಗಳು ತರಣ ಬಿಡು. ಇದು ನಮ್ ಧನ್ಯಂಗೆ. ಪ್ರೋಟೀನ್ ಪುಡಿ. ಬಸ್‌ಸ್ಟ್ಯಾಂಡ್ ಹಿಂದೆ ಜಿಮ್ ಇಟ್ಕೊಂಡವನೆ ಒಬ್ಬ, ಅವನು ಕೊಟ್ಟ. ಇದನ್ನ ಕುಡುದ್ರೆ ಓಡೋವಾಗ ಕಾಲು ನೆಲಕ್ಕೇ ತಾಕಲ್ವಂತೆ.”

“ನನ್ನ ಕಾಲು ತಾಕ್ತಾವಲ್ಲ, ಅದಕ್ಕೇ ಒಳ್ಳಲ್ಲಿ ರುಬ್ಕೊಂಡು ಕೂತಿದೀನಿ.”

ತಿಮ್ಮೇಶ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡದ್ದು ಒಳಗಿದ್ದ ಅವನ ಅವ್ವ ಕಾಂತಮ್ಮ. “ಓಡೋ ಮಗಿಗೆ ತಂದವ್ನೆ, ಅದಕ್ಕೂ ಕೊಂಕಾ?” ಎಂದಳು.

ಧನ್ಯಶ್ರೀ ತಿಮ್ಮೇಶನ ತಂಗಿ. ಅಜ್ಜಂಪುರದ ಕಾಲೇಜಿನಲ್ಲಿ ಓದು, ಸಾವಿರದ ಐನೂರು ಮೀಟರ್ ಓಟ. ಅಲ್ಲಿನ ಮೈದಾನದಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಬಸವರಾಜಪ್ಪ ನಾಲ್ಕಾರು ಹುಡುಗಿಯರನ್ನು ಸಂಜೆ ಹೊತ್ತು ಓಡಿಸಿ ತಯಾರು ಮಾಡುತ್ತಿದ್ದರು. ಬೆಳಗಿನ ಹೊತ್ತು ಧನ್ಯಶ್ರೀ ರೈಲು ಹಳಿ ಪಕ್ಕದ ರಸ್ತೆಯಲ್ಲಿ ಒಬ್ಬಳೇ ಓಡುತ್ತಿದ್ದಳು. ಕಡೂರಿನಲ್ಲಿ ಜಿಲ್ಲಾ ಮಟ್ಟದ್ದು ಗೆದ್ದರೆ ಬೆಂಗಳೂರಿನಲ್ಲಿ ರಾಜ್ಯದ್ದು, ಅಲ್ಲೂ ಹೆಸರು ಬಂದರೆ ಪೊಲೀಸ್ ಇಲಾಖೆಯಲ್ಲಿ ಕ್ರೀಡಾ ಕೋಟಾ. ಮನೆಯವರ ಕಣ್ಣೆಲ್ಲ ಅವಳ ಕಾಲ ಮೇಲೆ.

ಹಾಗಾಗಿ ಕರೆದ ಹಾಲಿನಲ್ಲಿ ಮೊದಲ ಲೋಟ ಅವಳದು. ದಿನಾ ಎರಡು ಮೊಟ್ಟೆ ಅವಳದು. ಅವನ್ನು ಬೇಯಿಸಿ, ಸಿಪ್ಪೆ ಸುಲಿದು, ಉಪ್ಪು ಸೇರಿಸಿ ಮುಂದಿಡುವ ಭಾಗ್ಯ ಮಾತ್ರ ಪ್ರತಿಮಾಳದು. ಬಂದ ಹೊಸದರಲ್ಲಿ ತಾನೂ ಒಂದು ತಟ್ಟೆಗೆ ಹಾಕಿಕೊಂಡಿದ್ದಳು. “ಓಡೋರಿಗೆ ಮೊಟ್ಟೆ. ಮನೇಲಿರೋರಿಗೆ ಯಾತಕ್ಕೆ?” ಎಂದಿದ್ದಳು ಕಾಂತಮ್ಮ. ಅವತ್ತಿನಿಂದ ಅವಳು ಮೊಟ್ಟೆ ಮುಟ್ಟಿರಲಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಮಗುವಾಗದೆ ಇದ್ದದ್ದರಿಂದ ಬಾಯಿ ಜೋರು ಮಾಡುವ ಧೈರ್ಯವೂ ಇರಲಿಲ್ಲ. ಶಾಲೆಯಲ್ಲಿ ಖೋಖೋ ಆಡಿ ಗೆದ್ದ ಸ್ಟೀಲ್ ತಟ್ಟೆಯೊಂದು ಅವಳ ಟ್ರಂಕಿನ ತಳದಲ್ಲಿತ್ತು. ಅದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ತೋರಿಸಿರಲಿಲ್ಲ.

ಆ ಮನೆಯಲ್ಲೊಂದು ಪದ್ಧತಿ. ಹೊಸದಾಗಿ ಏನೇ ಬರಲಿ, ಮೊಬೈಲಾಗಲಿ, ಗ್ಯಾಸ್ ಒಲೆಯಾಗಲಿ, ಮೊದಲು ದೇವರ ಗೂಡಿನಲ್ಲಿ ಬೀರಪ್ಪನ ಪಟದ ಪಕ್ಕ ಕೂರಬೇಕು. ಸೋಮವಾರ ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿದ ಮೇಲೇ ಬಳಕೆ. ಡಬ್ಬವೂ ಗೂಡು ಸೇರಿತು. ತೋಳುಬ್ಬಿಸಿದ ಗಂಡಸು ಬೀರಪ್ಪನ ಪಕ್ಕ ಕುಳಿತು ಪ್ರತಿಮಾಳನ್ನೇ ನೋಡತೊಡಗಿದ.

ಅದೇ ವಾರ ಪಂಚನಹಳ್ಳಿಯಿಂದ ಅವಳ ಅವ್ವ ಹುರಿಹಿಟ್ಟು ಕಳಿಸಿದ್ದಳು. ರಾಗಿ ಅರಳು ಹುರಿದು, ಹುರಿಗಡಲೆ, ಕಡಲೆಕಾಯಿ ಬೀಜ, ಏಲಕ್ಕಿ ಸೇರಿಸಿ ಬೀಸಿದ ಹಿಟ್ಟು, ದೊಡ್ಡ ಸ್ಟೀಲ್ ಡಬ್ಬದ ತುಂಬ. ಕಾಂತಮ್ಮ ಮೂಗು ಮುರಿದಳು.

“ನಿಮ್ಮವ್ವ ನಮ್ಮನೇಲಿ ರಾಗಿ ಇಲ್ಲ ಅನ್ಕೊಂಡವ್ಳಾ? ಸೌದೆ ಪಕ್ಕ ಇಡು, ಇಲ್ಲಿ ಜಾಗ ಇಲ್ಲ.”

ಜಿಮ್ಮಿನವನ ಪುಡಿಗೆ ದೇವರ ಗೂಡು, ಅವ್ವನ ಹಿಟ್ಟಿಗೆ ಸೌದೆ ಮೂಲೆ. ಪ್ರತಿಮಾಳಿಗೆ ಅನ್ನ ಇಳಿಯಲಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಯಲ್ಲೇ ಉರಿಯುವುದು ಎಂದು ಅವಳಿಗೆ ಅವತ್ತು ಗೊತ್ತಾಯಿತು.

ಮಾರನೆಯ ಮಧ್ಯಾಹ್ನ ಕಾಂತಮ್ಮ ಪಕ್ಕದ ಮನೆಗೆ ಹೋದಾಗ ಅವಳು ಡಬ್ಬ ಇಳಿಸಿದಳು. ನೋಡೋಣ ಎಂದಷ್ಟೇ ಮುಚ್ಚಳ ತಿರುಗಿಸಿದ್ದು. ಒಳಗಿನ ಬೆಳ್ಳಿ ಕಾಗದವನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡಳು. ಚಾಕಲೇಟಿನ ಹಾಗೆ ಸಿಹಿ. ಬಣ್ಣ ನೋಡಿದರೆ ಅವ್ವನ ಹುರಿಹಿಟ್ಟಿನದೇ. ಆಮೇಲೆ ಅವಳ ಕೈ ಅವಳ ಮಾತು ಕೇಳಲಿಲ್ಲ. ನಡುವೆ ಒಂದು ಪಾತ್ರೆ ಇಟ್ಟುಕೊಂಡು ಕರಿ ಡಬ್ಬದ ಪುಡಿಯನ್ನೆಲ್ಲ ಸ್ಟೀಲ್ ಡಬ್ಬಕ್ಕೆ, ಸ್ಟೀಲ್ ಡಬ್ಬದ ಹಿಟ್ಟನ್ನು ಕರಿ ಡಬ್ಬಕ್ಕೆ ಸುರಿದಳು. ಸ್ಟೀಲ್ ಡಬ್ಬ ಟ್ರಂಕು ಸೇರಿತು. ಸೌದೆ ಪಕ್ಕ ಇದ್ದ ಹಿಟ್ಟೆಲ್ಲಿ ಎಂದು ಯಾರೂ ಕೇಳಲಿಲ್ಲ.

ಸೋಮವಾರ ಕಾಂತಮ್ಮ ಡಬ್ಬಕ್ಕೆ ಕುಂಕುಮವಿಟ್ಟು, ಕಣ್ಣು ಮುಚ್ಚಿ, “ನಮ್ ಹುಡುಗಿ ಕಾಲಿಗೆ ಬಲ ಕೊಡಪ್ಪಾ” ಎಂದು ಮಂಗಳಾರತಿ ಎತ್ತಿದಳು. ಪಂಚನಹಳ್ಳಿಯ ಹಿಟ್ಟಿನ ಮುಂದೆ ಅವ್ವನ ಬೀಗತಿ ಕೈ ಮುಗಿದು ನಿಂತದ್ದನ್ನು ನೋಡಿ ಪ್ರತಿಮಾ ನಗು ತಡೆಯಲು ಸೆರಗು ಕಚ್ಚಿಕೊಂಡಳು.

ಅಂದಿನಿಂದ ಬೆಳಗ್ಗೆ ಓಡಿ ಬಂದ ನಾದಿನಿಗೆ ಕರಿ ಡಬ್ಬದ್ದನ್ನು ಹಾಲಿಗೆ ಕದಡಿ ಕೊಡುವುದು ಪ್ರತಿಮಾಳ ಕೆಲಸ. ಎಲ್ಲರೂ ಅತ್ತಿತ್ತ ಹೋದ ಮೇಲೆ ಟ್ರಂಕು ತೆಗೆದು, ಅಸಲಿ ಪುಡಿಯನ್ನು ತಾನು ಕದಡಿಕೊಂಡು ಹಿತ್ತಲಲ್ಲಿ ನಿಂತು ಕುಡಿಯುವುದು ಅವಳದೇ ಇನ್ನೊಂದು ಕೆಲಸ.

“ಅತ್ತಿಗೆ, ಈ ಪುಡಿ ಪರವಾಗಿಲ್ಲ ಕಣ್ರೀ,” ಎಂದಳು ಧನ್ಯಶ್ರೀ. “ನಮ್ ಜೊತೆ ಓಡೋ ಕೋಮಲಾನೂ ಅದೇ ಜಿಮ್ಮಿಂದು ಕುಡೀತಾಳೆ. ಅವಳಿಗೆ ವಾಕರಿಕೆ ಬತ್ತೈತಂತೆ. ನಂಗೇನೂ ಆಗಲ್ಲ.”

“ನಿನ್ನ ಹೊಟ್ಟೆ ಗಟ್ಟಿ,” ಎಂದಳು ಪ್ರತಿಮಾ.

ಆ ತಿಂಗಳು ಪ್ರತಿಮಾ ಹೊರಗಾಗಿ ಹಿತ್ತಲ ಜಗಲಿಯಲ್ಲಿ ಕುಳಿತಾಗ ಡಬ್ಬ ಕಾಂತಮ್ಮನ ಕೈಗೆ ಬಂತು. ಮುಚ್ಚಳ ತೆಗೆದವಳು ಮೂಸಿ ನೋಡಿ ಅಲ್ಲಿಂದಲೇ ಕೂಗಿದಳು.

“ಲೇ ಪ್ರತಿಮಾ, ಇದೇನೇ ಹುರಿಟ್ಟಿನ ವಾಸ್ನೆ ಬತ್ತೈತೆ?”

ಪ್ರತಿಮಾ ಜಗಲಿಯಿಂದಲೇ ಕೂಗಿ ಹೇಳಿದಳು. “ಫಾರಿನ್ನಿಂದು ಹಂಗೇ ಇರ್ತೈತೆ ಅತ್ತೆ. ರಾಗಿಯಿಂದ್ಲೇ ಮಾಡ್ತಾರೇನೋ ಯಾರಿಗ್ಗೊತ್ತು.”

“ನಮ್ಮ ರಾಗಿ ತಗಂಡೋಗಿ ನಮಗೇ ಮಾರ್ತವ್ರಾ? ಕಳ್ಳರು,” ಎಂದು ಕಾಂತಮ್ಮ ಹಾಲಿಗೆ ಎರಡು ಚಮಚ ಹೆಚ್ಚೇ ಹಾಕಿದಳು.

ಕಡೂರಿನ ಓಟದಲ್ಲಿ ಧನ್ಯಶ್ರೀ ಎಲ್ಲರಿಗಿಂತ ಮುಂದೆ ಬಂದಳು. ಕೋಮಲಾ ಎರಡನೆಯವಳು. ಕೊರಳಲ್ಲಿ ಪದಕ ಹಾಕಿಕೊಂಡು ಮನೆಗೆ ಬಂದವಳನ್ನು ಕಾಂತಮ್ಮ ಹೊಸಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದಳು. ನೆಂಟರು, ನೆರೆಯವರು ಬಂದರು. ಎಲ್ಲರ ಬಾಯಲ್ಲೂ ಒಂದೇ ಮಾತು.

“ಎಲ್ಲಾ ಆ ಡಬ್ಬದ ಮಹಿಮೆ ಕಣ್ರೀ,” ಎನ್ನುತ್ತಿದ್ದ ತಿಮ್ಮೇಶ. “ನಾನು ತರೀಕೆರೆಗೆ ಹೋಗಿ ತಂದೆ ನೋಡಿ.”

ಬಂದವರಿಗೆ ಕಾಫಿ ಕೊಡುತ್ತಿದ್ದ ಪ್ರತಿಮಾಳಿಗೆ ಬಾಯಿಗೆ ಬೀಗ ಹಾಕಿದಂತಾಯಿತು. ನನ್ನವ್ವನ ಹಿಟ್ಟು, ನಾನು ಕದಡಿಕೊಟ್ಟದ್ದು, ಹೆಸರು ಡಬ್ಬಕ್ಕೆ. ಇಲ್ಲಿತನಕ ನಾದಿನಿಯ ಮೇಲಿದ್ದ ಹೊಟ್ಟೆಕಿಚ್ಚು ಈಗ ಪ್ಲಾಸ್ಟಿಕ್ ಡಬ್ಬದ ಮೇಲೂ ಹಬ್ಬಿತು. ಹೇಳಿದರೆ ಕಳ್ಳಿ, ಹೇಳದಿದ್ದರೆ ಮನೆಗೆಲಸದವಳು. ತಿಮ್ಮೇಶ ಅದೇ ಉಮೇದಿನಲ್ಲಿ ಎರಡನೆಯ ಡಬ್ಬ ತಂದ. ಅದೂ ಗೂಡಿಗೆ ಹೋಯಿತು, ಸೋಮವಾರಕ್ಕೆ ಮೊದಲೇ ಅದರ ಪುಡಿ ಪ್ರತಿಮಾಳ ಟ್ರಂಕಿಗೂ ಹೋಯಿತು. ಪಂಚನಹಳ್ಳಿಗೆ ಫೋನ್ ಮಾಡಿ, “ಅವ್ವ, ಈ ಸಲ ಜಾಸ್ತಿ ಹುರಿ” ಎಂದು ಅವಳು ಮೊದಲೇ ಹೇಳಿಯಾಗಿತ್ತು.

ಇಷ್ಟರಲ್ಲಿ ಪ್ರತಿಮಾಳ ಮೈಯಲ್ಲಿ ಎಂಥದೋ ಬಲ ಬಂದಿತ್ತು. ತುಂಬಿದ ಎರಡು ಕೊಡ ಒಟ್ಟಿಗೆ ಎತ್ತುತ್ತಿದ್ದಳು. ಒರಳುಕಲ್ಲಲ್ಲಿ ರುಬ್ಬಿದರೂ ತೋಳು ನೋಯುತ್ತಿರಲಿಲ್ಲ. ಜೊತೆಗೆ ಗದ್ದದ ಸುತ್ತ ಗುಳ್ಳೆ ಎದ್ದವು, ದನಿ ಗಂಟಲು ಕಟ್ಟಿದಂತೆ ದಪ್ಪವಾಯಿತು, ಸಣ್ಣದಕ್ಕೂ ಸಿಟ್ಟು ಬರತೊಡಗಿತು. ಸಿಟ್ಟಿಗೆ ಕಾರಣ ಮನೆಯಲ್ಲಿ ಬೇಕಾದಷ್ಟಿದ್ದುದರಿಂದ ಅವಳು ಅದರ ಬಗ್ಗೆ ಯೋಚಿಸಲಿಲ್ಲ.

ಒಂದು ಬೆಳಗ್ಗೆ ಕಾಂತಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಏನೇ, ಈ ತಿಂಗಳು ನೀನು ಹೊರಗೇ ಕೂರ್ಲಿಲ್ಲ?”

ಪ್ರತಿಮಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಹೌದಲ್ಲ, ದಿನ ಮೀರಿ ಎಷ್ಟೋ ದಿನವಾಗಿತ್ತು.

“ಮುಖದಲ್ಲಿ ಗುಳ್ಳೆ ಎದ್ದಾವೆ. ಗಂಡೇ ಕಣೇ,” ಎಂದಳು ಕಾಂತಮ್ಮ. ಅವಳ ದನಿ ಇದ್ದಕ್ಕಿದ್ದಂತೆ ಮೆತ್ತಗಾಗಿತ್ತು. “ಯಾರಿಗೂ ಹೇಳ್ಬೇಡ. ಮೂರು ತಿಂಗಳು ತುಂಬ್ಲಿ. ಕೊಡ ಎತ್ತಬೇಡ, ಅದನ್ನ ನಾನು ನೋಡ್ಕೊತೀನಿ.”

ಮಧ್ಯಾಹ್ನ ಅವಳ ತಟ್ಟೆಯಲ್ಲಿ, ಮುದ್ದೆಯ ಪಕ್ಕದಲ್ಲಿ ಒಂದು ಮೊಟ್ಟೆ ಇತ್ತು. ಪ್ರತಿಮಾ ಅದನ್ನು ನೋಡುತ್ತಲೇ ಕುಳಿತಳು. ತಿಂದಾಗ ಕಣ್ಣಲ್ಲಿ ನೀರು ಬಂತು. ಸಂಜೆಯ ಹಾಲಿನಲ್ಲಿ ಮೊದಲ ಲೋಟವೂ ಅವಳಿಗೇ ಬಂತು.

ಧನ್ಯಶ್ರೀಯ ಮುಖ ಸಣ್ಣದಾಯಿತು. “ಅವ್ವ, ಬೆಂಗಳೂರಿಗೆ ಓಡೋಕೆ ಹೋಗೋಳು ನಾನು. ದೊಡ್ಡ ಮೊಟ್ಟೆ ಅತ್ತಿಗೇಗಾ?”

“ನಿನ್ನ ಓಟ ನಾಳೆ ಮುಗೀತೈತೆ. ಅವಳದು ಈಗ ಶುರು,” ಎಂದಳು ಕಾಂತಮ್ಮ.

ಆ ಮಾತು ಕೇಳಿ ಪ್ರತಿಮಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಾದಿನಿ ಹೊಟ್ಟೆ ಉರಿದುಕೊಳ್ಳುವುದನ್ನು ನೋಡುವುದರಲ್ಲಿ ಇಷ್ಟು ಸುಖವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಆಶಾ ಕಾರ್ಯಕರ್ತೆ ತೀರ್ಥಮ್ಮ ಬಂದಾಗ ಕಾಂತಮ್ಮನೇ ತಡೆಯಲಾರದೆ ಅವಳ ಕಿವಿಯಲ್ಲಿ ಊದಿದಳು. ತೀರ್ಥಮ್ಮ ಬಸಿರು ಪರೀಕ್ಷೆಯ ಕಾರ್ಡೊಂದನ್ನು ಪ್ರತಿಮಾಳ ಕೈಗಿಟ್ಟು, “ಬೆಳಗ್ಗೆ ನೋಡ್ಕೊಂಡು ಹೇಳವ್ವ, ಹೆಸರು ಬರ್ಕೋಬೇಕು” ಎಂದಳು. ಪ್ರತಿಮಾ ಅದನ್ನು ಅಕ್ಕಿ ಡಬ್ಬದಲ್ಲಿಟ್ಟಳು. ನೋಡಿದರಾಯಿತು, ನಾಳೆ. ನಾಳೆಯೂ ಮೊಟ್ಟೆ ಬಂತು. ಅದರ ಮಾರನೆಯ ದಿನವೂ ಬಂತು. ಕಾರ್ಡು ಅಕ್ಕಿಯಲ್ಲೇ ಉಳಿಯಿತು.

ಬೆಂಗಳೂರಿಗೆ ಹೊರಡಲು ವಾರವಿರುವಾಗ, ಭಾನುವಾರ, ಬಸವರಾಜಪ್ಪ ಮೇಷ್ಟ್ರು ತಮ್ಮ ಹಳೆಯ ಸ್ಕೂಟರಿನಲ್ಲಿ ಶಿವನಿಗೆ ಬಂದರು. ನಗುಮುಖದ ಮನುಷ್ಯ ಅವತ್ತು ನಗಲಿಲ್ಲ. ಜಗಲಿಯಲ್ಲಿ ಕುಳಿತು, “ಆ ಡಬ್ಬ ತನ್ನಿ ನೋಡಣ” ಎಂದರು. ಕಾಂತಮ್ಮ ಕುಂಕುಮ ಹಚ್ಚಿದ ಕರಿ ಡಬ್ಬವನ್ನು ಗೂಡಿನಿಂದ ತಂದು ಮುಂದಿಟ್ಟಳು.

“ಇದೇ. ಕೋಮಲಾ ಮನೇಲೂ ಇದೇ ನೋಡಿದೆ,” ಎಂದರು ಮೇಷ್ಟ್ರು. “ಕಡೂರಿಂದು ಮುಗಿದ ಮೇಲೆ ಅವಳು ಹೊರಗಡೆ ಇನ್ನೊಂದು ಓಟದ ಮೀಟಿಗೆ ಹೋಗಿದ್ಲು. ಅಲ್ಲಿ ಮೂತ್ರ ಪರೀಕ್ಷೆ ಮಾಡಿದ್ರು. ನಿನ್ನೆ ರಿಪೋರ್ಟ್ ಬಂತು. ಪುಡೀಲಿ ಗಂಡಸ್ರ ಹಾರ್ಮೋನು ಬೆರೆಸವ್ರೆ.”

“ಅಂದ್ರೆ?” ಎಂದ ತಿಮ್ಮೇಶ.

“ಅಂದ್ರೆ ಅವಳ ಓಟ ಮುಗೀತು ಅಂತ. ನಾಲ್ಕು ವರ್ಷ ಮೈದಾನಕ್ಕೆ ಕಾಲಿಡಂಗಿಲ್ಲ ಅಂತಾವ್ರೆ. ಬೆಂಗಳೂರಲ್ಲೂ ಪರೀಕ್ಷೆ ಮಾಡ್ತಾರೆ. ಅದಕ್ಕೇ ಬಂದೆ. ಧನ್ಯಶ್ರೀ ಈ ಸಲ ಹೋಗೋದು ಬೇಡ. ಹುಷಾರಿಲ್ಲ ಅಂತ ಹೇಳಿ ಹೆಸರು ವಾಪಸ್ ತಗೊಂಡ್ಬಿಡ್ತೀನಿ. ಸಿಕ್ಕಿಬಿದ್ರೆ ಕೋಟಾನೂ ಇಲ್ಲ, ಕೆಲಸಾನೂ ಇಲ್ಲ.”

ಧನ್ಯಶ್ರೀ ಒಳಗಿನಿಂದ ಮುಂದೆ ಬಂದಳು. “ನಂಗೇನೂ ಆಗಿಲ್ವಲ್ಲ ಸಾರ್.”

“ಕೋಮಲಂಗೂ ಮೊದಲು ಹಂಗೇ ಅನ್ಸಿತ್ತಂತೆ.” ಮೇಷ್ಟ್ರು ಹೆಂಗಸರ ಮುಂದೆ ಹೇಳಲು ಸಂಕೋಚಪಟ್ಟು ನೆಲ ನೋಡಿದರು. “ಅವರವ್ವ ಅಳ್ತಾ ಇದ್ಲು. ಹುಡುಗಿ ಗಂಟಲು ಒಡೆದು ಗಂಡುದನಿ ಆಗೈತೆ. ಮುಖದ ತುಂಬ ಗುಳ್ಳೆ. ತಿಂಗಳದ್ದು ನಿಂತೇ ಹೋಗೈತಂತೆ.”

ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಪ್ರತಿಮಾಳ ಕೈ ತನಗೆ ತಾನೇ ಗದ್ದಕ್ಕೆ ಹೋಯಿತು.

ತಟ್ಟೆಯನ್ನು ಮೇಷ್ಟ್ರ ಮುಂದಿಟ್ಟು ಅವಳು ಒಳಗೆ ಬಂದಳು. ಅಕ್ಕಿಯಲ್ಲಿ ಕೈಯಾಡಿಸಿ ಕಾರ್ಡು ತೆಗೆದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗಿನ ಜಗಳ ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು.

“ಕಡ್ಲೆ ತಿನ್ಸಿ, ಮೊಟ್ಟೆ ತಿನ್ಸಿ ಅಂದಿದ್ದೆ. ಡಬ್ಬ ತನ್ನಿ ಅಂತ ನಾನು ಹೇಳಿದ್ನೇನಪ್ಪಾ?”

“ನನ್ನ ಮಗಳ ಬಾಳು ಹಾಳು ಮಾಡ್ದಲ್ಲೋ ತಿಮ್ಮೇಶ. ಮಿಕ್ಸಿ ತರೋಕೆ ಹೋದೋನಿಗೆ ಇದ್ಯಾಕೆ ಬೇಕಿತ್ತು?”

“ನೀನೇ ಅಲ್ವಾ ಅವ್ವ ಮಂಗಳಾರತಿ ಎತ್ತಿದ್ದು?”

ಕಾರ್ಡಿನಲ್ಲಿ ಒಂದೇ ಗೆರೆ ಮೂಡಿತು. ಎರಡನೆಯದಕ್ಕಾಗಿ ಅವಳು ಕಾದಳು. ಅದು ಬರಲಿಲ್ಲ.

ಪ್ರತಿಮಾ ಹಂಡೆಗೆ ಒರಗಿ ನಿಂತಳು. ಸುಮ್ಮನಿದ್ದರೆ ಆಯಿತು. ನಾದಿನಿ ಬೆಂಗಳೂರಿಗೆ ಹೋಗುವುದಿಲ್ಲ. ಮೊದಲ ಲೋಟ ಇಲ್ಲ, ದೊಡ್ಡ ಮೊಟ್ಟೆ ಇಲ್ಲ, ದೃಷ್ಟಿ ತೆಗೆಯುವುದಿಲ್ಲ. ಮೂರು ವರ್ಷ ಮನಸ್ಸಿನಲ್ಲೇ ಬೇಡಿಕೊಂಡದ್ದು ಈಗ ಬಾಯಿ ತೆರೆಯದೆಯೇ ಸಿಗುತ್ತದೆ. ತನ್ನ ಹೊಟ್ಟೆಯಲ್ಲಿ ಏನೂ ಇಲ್ಲವೆಂದು ಗೊತ್ತಾಗುವ ಹೊತ್ತಿಗೆ ಬಸಿರು ಇಳಿದುಹೋಯಿತು ಎಂದರೂ ನಡೆಯುತ್ತದೆ. ಆಗಲೂ ಎರಡು ದಿನ ಮೊಟ್ಟೆ ಕೊಟ್ಟಾರು. ಹೊರಗೆ ಧನ್ಯಶ್ರೀ ಅಳುತ್ತಿದ್ದಳು. ದೊಡ್ಡ ದನಿಯ ಅಳುವಲ್ಲ, ಓಡಿ ಬಂದಾಗ ಏದುಸಿರು ಬಿಡುತ್ತಾಳಲ್ಲ, ಹಾಗೆ. ಆ ಉಸಿರು ಪ್ರತಿಮಾಳಿಗೆ ಚೆನ್ನಾಗಿ ಗೊತ್ತು. ದಿನಾ ಬೆಳಗ್ಗೆ ಆ ಉಸಿರಿಗೆ ಲೋಟ ಹಿಡಿದದ್ದು ಅವಳೇ.

ಅವಳು ಹೊರಗೆ ಬಂದಾಗ ಮೇಷ್ಟ್ರು ಫೋನಿನಲ್ಲಿ ನಂಬರು ಹುಡುಕುತ್ತಿದ್ದರು.

“ಫೋನ್ ಮಾಡ್ಬೇಡಿ ಸಾರ್. ಧನ್ಯ ಆ ಪುಡಿ ಕುಡಿದೇ ಇಲ್ಲ.”

ಎಲ್ಲರೂ ತಿರುಗಿದರು.

“ದಿನಾ ನೀವೇ ಕೊಟ್ರಲ್ಲ ಅತ್ತಿಗೆ,” ಎಂದಳು ಧನ್ಯಶ್ರೀ.

“ನಾನು ಕೊಟ್ಟಿದ್ದು ನಮ್ಮವ್ವನ ಹುರಿಟ್ಟು. ಸೋಮವಾರದ ಪೂಜೆಗೆ ಮೊದಲೇ ಡಬ್ಬ ಬದಲಾಯಿಸ್ದೆ. ಎರಡನೇದೂ ಅಷ್ಟೇ.”

ಅವಳು ಟ್ರಂಕಿನಿಂದ ಸ್ಟೀಲ್ ಡಬ್ಬ ತಂದಿಟ್ಟಳು. ಮೇಷ್ಟ್ರು ಅದನ್ನೊಮ್ಮೆ ಮೂಸಿದರು, ಕರಿ ಡಬ್ಬವನ್ನೊಮ್ಮೆ ಮೂಸಿದರು, ಅದರ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. “ಏಲಕ್ಕಿ,” ಎಂದು ಫೋನು ಜೇಬಿಗಿಟ್ಟರು.

ಧನ್ಯಶ್ರೀ ಅಳುತ್ತಲೇ ನಗತೊಡಗಿದಳು. ಕಾಂತಮ್ಮ ನಗಲಿಲ್ಲ.

“ನಿಮ್ಮವ್ವನ ಹಿಟ್ಟಿಗೆ ನನ್ನ ಕೈಲಿ ಎರಡು ಸಲ ಮಂಗಳಾರತಿ ಎತ್ತಿಸ್ದಾ? ಮನೆ ಹೆಣ್ಣುಮಗಳ ಬಾಯಿಂದ ಕದಿಯೋಳಾ ನೀನು? ಯಾತಕ್ಕೇ?”

“ಹೊಟ್ಟೆಕಿಚ್ಚಿಗೆ ಅತ್ತೆ,” ಎಂದಳು ಪ್ರತಿಮಾ. “ಅವಳಿಗೆ ಎಲ್ಲಾ ಕೊಡ್ತಿದ್ರಿ. ನಂಗೆ ಒಂದು ಮೊಟ್ಟೆ ಕೊಡ್ಲಿಲ್ಲ.”

ತಿಮ್ಮೇಶ ಸ್ಟೀಲ್ ಡಬ್ಬದೊಳಗೆ ಬಗ್ಗಿ ನೋಡಿದ. ತಳ ಕಾಣುತ್ತಿತ್ತು. “ಇದರಲ್ಲಿದ್ದಿದ್ದೆಲ್ಲ ಎಲ್ಲೋಯ್ತು?”

“ನಾನು ಕುಡಿದೆ.”

ಕಾಂತಮ್ಮನ ಕಣ್ಣು ಸೊಸೆಯ ಗದ್ದದ ಗುಳ್ಳೆಗೆ ಹೋಯಿತು, ಅಲ್ಲಿಂದ ಹೊಟ್ಟೆಗೆ ಇಳಿಯಿತು.

“ಹಂಗಾದ್ರೆ...”

ಪ್ರತಿಮಾ ತಲೆ ಅಲ್ಲಾಡಿಸಿದಳು. “ಕಾರ್ಡ್ ನೋಡ್ದೆ ಅತ್ತೆ. ಏನೂ ಇಲ್ಲ.”

ಕಾಂತಮ್ಮ ಜಗಲಿಯ ಮೇಲೆ ಕೂತುಬಿಟ್ಟಳು. ಮೇಷ್ಟ್ರೇ, “ಮೊದಲು ಆ ಹೆಣ್ಮಗಳನ್ನ ಡಾಕ್ಟ್ರ ಹತ್ರ ಕರ್ಕೊಂಡೋಗಪ್ಪಾ” ಎಂದು ಹೇಳಿ ಎದ್ದರು.

ತರೀಕೆರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ತಿಮ್ಮೇಶನಿಗೆ ಚೆನ್ನಾಗಿ ಬೈದು, ಪುಡಿ ನಿಂತರೆ ಎಲ್ಲ ದಾರಿಗೆ ಬರಬಹುದು, ಕಾಯಬೇಕು ಎಂದರು. ತಿಮ್ಮೇಶ ಜಿಮ್ಮಿನವನನ್ನು ಹುಡುಕಿಕೊಂಡು ಹೋದ. ಶಟರಿಗೆ ಬೀಗ ಬಿದ್ದಿತ್ತು. ಬರುವಾಗ ಅವನು ಮಿಕ್ಸಿ ಕೊಂಡ. ಅದನ್ನು ಕಾಂತಮ್ಮ ಗೂಡಿನಲ್ಲಿ ಇಡಲಿಲ್ಲ. ಅವಳು ಸೊಸೆಯೊಂದಿಗೆ ಮಾತು ಬಿಟ್ಟಿದ್ದಳು. ತಟ್ಟೆಯಲ್ಲಿ ಮತ್ತೆ ಮುದ್ದೆ ಮತ್ತು ಸಾರು ಮಾತ್ರ. ಪ್ರತಿಮಾ ಅದನ್ನೂ ಕೇಳಲಿಲ್ಲ. ಎರಡು ಮೊಟ್ಟೆ ಬೇಯಿಸಿ, ಸುಲಿದು, ಉಪ್ಪು ಸೇರಿಸಿ ನಾದಿನಿಯ ಮುಂದಿಡುತ್ತಿದ್ದಳು. ಧನ್ಯಶ್ರೀ ಒಂದನ್ನು ಅತ್ತಿಗೆಯ ಕಡೆ ತಳ್ಳಿದರೆ, “ನೀನು ಓಡೋಳು, ತಿನ್ನು” ಎಂದು ವಾಪಸ್ ತಳ್ಳುತ್ತಿದ್ದಳು. ದಾನವಾಗಿ ಬಂದ ಮೊಟ್ಟೆ ಅವಳಿಗೆ ಬೇಕಿರಲಿಲ್ಲ.

ಬೆಂಗಳೂರಿಗೆ ಹೊರಡುವಾಗ ಧನ್ಯಶ್ರೀ ಹುರಿಹಿಟ್ಟನ್ನು ಆ ಕರಿ ಡಬ್ಬದ ಸಮೇತ ಬ್ಯಾಗಿಗೆ ತುರುಕಿಕೊಂಡಳು. ಮೇಷ್ಟ್ರು ಅದನ್ನು ಕಿತ್ತು, ಹಿಟ್ಟನ್ನು ಪಾಲಿಥೀನ್ ಚೀಲಕ್ಕೆ ಸುರಿಸಿ, ಡಬ್ಬ ಆಚೆ ಎಸೆದರು. ತೋಳುಬ್ಬಿಸಿದ ಗಂಡಸು ತಿಪ್ಪೆ ಸೇರಿದ.

ಓಟದ ದಿನ ಬೆಳಗ್ಗೆ ಪ್ರತಿಮಾ ಬಚ್ಚಲಿನಿಂದ ಬಂದವಳು ಅಡಿಗೆಮನೆಗೆ ಹೋಗಲಿಲ್ಲ. ಹಿತ್ತಲ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕುಳಿತಳು. ಕಸ ಹಾಕಲು ಬಂದ ಕಾಂತಮ್ಮ ಅವಳನ್ನು ನೋಡಿ ನಿಂತಳು.

“ಇಲ್ಯಾಕೇ ಕೂತೆ?” ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು ಅದು.

“ಹೊರಗಾದೆ ಅತ್ತೆ.”

ಮೂರು ವರ್ಷದಿಂದ ಪ್ರತಿ ತಿಂಗಳೂ ಈ ಮಾತು ಕೇಳಿದಾಗ ಕಾಂತಮ್ಮ ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಿದ್ದಳು. ಇವತ್ತು ಕಸದ ಬುಟ್ಟಿಯನ್ನು ಅಲ್ಲೇ ಇಟ್ಟು, “ಬೀರಪ್ಪ ಕಾಪಾಡ್ದ” ಎಂದು ಎರಡೂ ಕೈ ಮುಗಿದಳು. ಒಳಗೆ ಹೋದವಳು ಬಹಳ ಹೊತ್ತಿನ ಮೇಲೆ ತಟ್ಟೆ ಹಿಡಿದು ಬಂದಳು. ಬಿಸಿ ಮುದ್ದೆ, ಸೊಪ್ಪಿನ ಸಾರು, ಸುಲಿದ ಒಂದು ಮೊಟ್ಟೆ. ಉಪ್ಪು ಹೆಚ್ಚೇ ಬಿದ್ದಿತ್ತು. ಮೊಟ್ಟೆ ಸುಲಿದು ಅಭ್ಯಾಸವಿಲ್ಲದ ಕೈಯದು, ಅಲ್ಲಲ್ಲಿ ಕಿತ್ತುಬಂದಿತ್ತು.

“ಓಡೋರಿಗೆ ಇರ್ಲಿ ಅತ್ತೆ.”

“ಓಡೋಳು ಬೆಂಗಳೂರಲ್ಲವ್ಳೆ. ಉಣ್ಣು.”

ಪ್ರತಿಮಾಳಿಗೆ ಒಳಗೊಳಗೇ ಚುಚ್ಚಿತು. ಅವಳಿಲ್ಲದ್ದಕ್ಕೆ ತಾನೇ ನನಗೆ? ಆದರೂ ತಿಂದಳು. ಕಾಂತಮ್ಮ ಎದುರಿಗೇ, ಮೈಲಿಗೆ ಮುಟ್ಟದಷ್ಟು ದೂರದಲ್ಲಿ, ಬೋರಲು ಹಾಕಿದ ಬುಟ್ಟಿಯ ಮೇಲೆ ಕುಳಿತು ಅವಳು ತಿನ್ನುವುದನ್ನು ನೋಡುತ್ತಿದ್ದಳು. ಮೊಟ್ಟೆ ಅರ್ಧ ಮುಗಿದಿತ್ತು, ಫೋನು ಬಂತು.

ಧನ್ಯಶ್ರೀ ಮೂರನೆಯವಳಾಗಿ ಬಂದಿದ್ದಳು. ಪರೀಕ್ಷೆಗೂ ಕೊಟ್ಟಾಯಿತು, ಭಯವೇನಿಲ್ಲ ಎಂದಳು. ಏದುಸಿರಿನ ನಡುವೆ ಅವಳ ಮಾತು ಸ್ಪೀಕರಿನಿಂದ ಹಿತ್ತಲ ತುಂಬ ಕೇಳಿಸಿತು. “ಇಲ್ಲಿ ಎಲ್ರೂ ಏನು ತಗೋತೀಯ ಅಂತ ಕೇಳ್ತವ್ರೆ ಅವ್ವ. ನಮ್ ಅತ್ತಿಗೆಯವರ ಅವ್ವ ಮಾಡೋ ಹುರಿಟ್ಟು, ಪಂಚನಹಳ್ಳಿದು ಅಂದೆ.”

ಕಾಂತಮ್ಮ ಫೋನು ಕೆಳಗಿಟ್ಟಳು. ಅವಳ ಮುಖ ಕೆಂಪಗಾಗಿತ್ತು.

“ಪಂಚನಹಳ್ಳಿದೇ ಆಗ್ಬೇಕಾ? ಯಾಕೆ, ನಮ್ಮ ಶಿವನಿ ರಾಗೀಗೇನಾಗೈತೆ? ಈಗ ಮಿಕ್ಸಿನೂ ಬಂದೈತೆ. ನಾಳೆ ನಾನೇ ಹುರೀತೀನಿ.” ಬುಟ್ಟಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡಳು. ದೂರ ಮರೆತೇಹೋಯಿತು. “ಅಲ್ಲ ಕಣೇ, ನಿಮ್ಮವ್ವ ಅದಕ್ಕೆ ಏನೇನ್ ಹಾಕ್ತಾಳೆ?”

ಪ್ರತಿಮಾ ಆ ಮುಖವನ್ನು ಚೆನ್ನಾಗಿ ನೋಡಿದಳು. ಆ ಉರಿ ಅವಳಿಗೆ ಗುರುತಿನದೇ. ಉಳಿದ ಅರ್ಧ ಮೊಟ್ಟೆಯನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದು ನುಂಗಿದಳು.

“ನಂಗೊತ್ತಿಲ್ಲ ಅತ್ತೆ,” ಎಂದಳು. “ಬೇಕಾದ್ರೆ ನೀವೇ ಫೋನ್ ಮಾಡಿ ಕೇಳಿ.”